ಅರವತ್ತೊಂದು ಕಡಿಮೆ

ಮಿಯೆನ್ ತೀರಿಕೊಂಡ ನಲವತ್ತನೆಯ ದಿನ ಅತ್ತೆಯ ಕನಸಿನಲ್ಲಿ ಬಂದು ತನ್ನ ಫೋನ್ ಕೇಳಿದಳಂತೆ.

ಅದನ್ನು ಹೇಳಲು ಲುವಾ ಅಕ್ಕ ಬೆಳಿಗ್ಗೆ ಏಳಕ್ಕೇ ನನ್ನ ಅಂಗಡಿಗೆ ಬಂದಳು. ಸೇತುವೆಯ ಬುಡದಲ್ಲಿ, ಮೀನಿನ ಸಾರಿನ ಶಾವಿಗೆ ಮಾರುವವಳ ಪಕ್ಕದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ, ಬೋರ್ಡಿನ ಮೇಲೆ ಥೋ ಎಂದು ನನ್ನ ಹೆಸರೇ ಇದೆ. ಇನ್ನೂ ಷಟರ್ ಅರ್ಧ ಎತ್ತಿದ್ದೆ, ಅಷ್ಟೇ. ಅವಳು ಬಗ್ಗಿ ಒಳಗೆ ನುಸುಳಿ, ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು, ನಾನು ಬಿಚ್ಚಿಟ್ಟಿದ್ದ ಯಾರದೋ ಕೀಬೋರ್ಡಿನ ಮೇಲೆ ಇಟ್ಟಳು. ಗಂಟಿನೊಳಗೆ ಸೊಸೆಯ ಫೋನ್ ಇತ್ತು.

"ಇದನ್ನ ಕಳಿಸ್ಬೇಕು ಕಣೋ ಥೋ."

"ಎಲ್ಲಿಗಕ್ಕ?"

"ಎಲ್ಲಿಗೆ ಅಂದ್ರೆ? ಅವಳಿರೋ ಕಡೆಗೆ."

"ಮಣ್ಣು ಮಾಡಿದ ದಿನಾನೇ ಒಂದು ಫೋನ್ ಸುಟ್ಟಿದೀವಲ್ಲ. ಚಿನ್ನದ ಬಣ್ಣದ್ದು. ಜೊತೆಗೆ ಚಾರ್ಜರ್ರೂ ಇತ್ತು, ನಾನೇ ನೋಡಿದೀನಿ."

"ಅದು ಕಾಗದದ್ದು. ಅದ್ರಲ್ಲಿ ನಮ್ ಮಗು ಬೋಂಗ್ ಫೋಟೊ ಇದ್ಯೇನೋ ಪೆದ್ದ?"

ಅಕ್ಕ ಸ್ಟೂಲಿನ ಮೇಲೆ ಕೂತು ಕನಸು ಹೇಳಿದಳು. "ಗೇಟಿನ ಹತ್ರ ನಿಂತಿದ್ಲು. ಫ್ಯಾಕ್ಟರಿ ಅಂಗೀಲೇ. ಜೇಬು ತಡಕ್ತಾ ಇದ್ಲು, ಮೇಲಿನ ಜೇಬು, ಕೆಳಗಿನ ಜೇಬು, ಮತ್ತೆ ಮೇಲಿಂದು. ಒಳಗ್ ಬಾರೇ ಅಂದೆ. ಬರ್ಲಿಲ್ಲ. 'ಅಮ್ಮಾ, ಮಗು ಮುಖ ನೆನಪಿಗೇ ಬರ್ತಾ ಇಲ್ಲ' ಅಂದ್ಲು. ಅಷ್ಟೇ ಅಂದಿದ್ದು. ನಂಗೆ ಎಚ್ಚರ ಆಗ್ಹೋಯ್ತು."

ಇದನ್ನೆಲ್ಲ ನಾನು ನಂಬುತ್ತೇನೆಯೇ ಎಂದು ಕೇಳಬೇಡಿ. ನಮ್ಮಪ್ಪ ಚಳಿ ತಡೆಯದ ಮನುಷ್ಯ. ಸುಟ್ಟದ್ದು ಸತ್ತವರಿಗೆ ತಲುಪುತ್ತದೆಂದು ಅವನಿಗೆ ವರ್ಷಕ್ಕೊಂದು ಹೊಸ ಕಾಗದದ ಕೋಟು ಸುಡುವುದನ್ನು ನಾನು ಇವತ್ತಿಗೂ ತಪ್ಪಿಸಿಲ್ಲ. ಸತ್ತವರ ದಾರಿ ಯಾವುದೆಂದು ನಲವತ್ತೊಂಬತ್ತನೆಯ ದಿನ ತೀರ್ಮಾನವಾಗುತ್ತದೆ, ಕಾಗದದ್ದನ್ನು ಯಾವಾಗ ಬೇಕಾದರೂ ಸುಡಬಹುದು, ಅವರು ಬಳಸಿದ ವಸ್ತುವನ್ನು ಕಳಿಸುವುದಿದ್ದರೆ ಅಷ್ಟರೊಳಗೆ ಕಳಿಸಬೇಕು. ಅದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

"ಸರಿ ಅಕ್ಕ, ಕಳಿಸೋಣ. ಆದ್ರೆ ಬೋಂಗ್‌ಗೆ ಏನಿಡ್ತೀಯ?"

"ಅದಕ್ಕೇ ಅಲ್ವೇನೋ ನಿನ್ ಹತ್ರ ಬಂದಿದ್ದು. ಇದ್ರಲ್ಲಿರೋದನ್ನೆಲ್ಲ ಮನೆ ಕಂಪ್ಯೂಟರಿಗೆ ಇಳಿಸ್ಕೊಡು. ಒಂದೂ ಬಿಡ್ಬೇಡ. ಅಲ್ಲಿ ಅವಳಿಗೊಂದು, ಇಲ್ಲಿ ಮಗೂಗೊಂದು. ಆಮೇಲೆ ಇದನ್ನ ಬೆಂಕಿಗೆ ಹಾಕೋಣ."

ಒಂದೂ ಬಿಡಬೇಡ ಎಂದು ಅವಳು ಬಾಯಿ ಬಿಟ್ಟು ಹೇಳಿದಳು. ನಾನು ತಲೆಯಾಡಿಸಿದೆ. ಸಂಜೆ ಮಗುವಿಗೆ ಬೇಕೆಂದು ಅವಳು ಫೋನನ್ನು ಮತ್ತೆ ಗಂಟು ಕಟ್ಟಿಕೊಂಡು ಹೋದಳು, ಇನ್ನೂ ಒಂಬತ್ತು ದಿನ ಇದೆಯಲ್ಲ ಎಂದು ನಾನೂ ಬಿಟ್ಟೆ.

ಆ ಮನೆಯ ಕಂಪ್ಯೂಟರ್ ನಾನೇ ಮಾರಿದ್ದು. ಹೋದ ವರ್ಷ ಹೊಸ ವರ್ಷದ ಹಬ್ಬಕ್ಕೆ ಮೊದಲು ಮಿಯೆನ್ ಅಂಗಡಿಗೆ ಬಂದಿದ್ದಳು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಹುಡುಗಿ, ಇಪ್ಪತ್ತೇಳು ವರ್ಷ, ಮಾತು ಮುಗಿಸುವ ಮೊದಲೇ ನಗು ಶುರು. ಫೋನಿನ ಫೋಟೊ ಇಳಿಸಿಡಲು ಒಂದು ಹಳೇ ಕಂಪ್ಯೂಟರ್ ಬೇಕು ಎಂದಳು. ನಾನು ಸುಮ್ಮನಿರದೆ ಬುದ್ಧಿ ಹೇಳಲು ಹೋದೆ. ಈಗ ಯಾರೂ ಹೀಗೆ ಇಡುವುದಿಲ್ಲ, ಒಂದು ಗುಂಡಿ ಒತ್ತಿದರೆ ಫೋಟೊಗಳೆಲ್ಲ ತಾವಾಗಿಯೇ ಇಂಟರ್‌ನೆಟ್ಟಿಗೆ ಹೋಗಿ ಕೂರುತ್ತವೆ ಎಂದೆ.

"ಅಲ್ಲಿ ಅಂದ್ರೆ ಎಲ್ಲಿ ಚಿಕ್ಕಪ್ಪ?"

"ದೊಡ್ಡ ಕಂಪನಿಯವರ ಯಂತ್ರದಲ್ಲಿ. ಯಾವ್ದೋ ದೇಶದಲ್ಲಿ."

"ಅಯ್ಯೋ, ಅವ್ರು ಯಾರೋ ಏನೋ! ನನ್ ಮಗು ಬೋಗುಣೀಲಿ ಬತ್ತಲೆ ಕೂತಿರೋ ಫೋಟೊ ಅವ್ರ ಮನೇಲಿ ಯಾಕಿರ್ಬೇಕು? ನಮ್ಮನೇಲೇ ಇರ್ಲಿ. ಅಕ್ಕಿ ಡ್ರಮ್ ಪಕ್ಕ ಜಾಗ ಇದೆ."

ಅಕ್ಕಿ ಡ್ರಮ್ಮಿನ ಪಕ್ಕದಲ್ಲೇ ಇಟ್ಟರು. ಕೇಬಲ್ ಹೇಗೆ ಹಾಕುವುದು, ಹೇಗೆ ನಕಲು ಮಾಡುವುದು ಎಂದು ಒಂದು ಸಲ ತೋರಿಸಿಕೊಟ್ಟೆ. ಆಮೇಲೆ ಅವಳಿಗೆ ಪುರುಸೊತ್ತು ಎಲ್ಲಿ ಬಂತು? ಬೆಳಿಗ್ಗೆ ಆರೂವರೆಗೆ ಫ್ಯಾಕ್ಟರಿಯ ಬಸ್ಸು, ಸಂಜೆ ಏಳಕ್ಕೆ ವಾಪಸು. ಕಂಪ್ಯೂಟರಿನಲ್ಲಿ ಮಗು ಕಾರ್ಟೂನ್ ನೋಡುತ್ತಿತ್ತು. ಎರಡು ಸಲ ದಾರಿಯಲ್ಲಿ ಸಿಕ್ಕಿ "ಚಿಕ್ಕಪ್ಪ, ಫೋನ್ ತುಂಬ್ಹೋಗಿದೆ, ಒಂದಿನ ಬಂದು ಇಳಿಸ್ಕೊಡಿ" ಎಂದಿದ್ದಳು. ಭಾನುವಾರ ಬರ್ತೀನಿ ಎಂದೆ. ಒಂದು ಭಾನುವಾರ ಮದುವೆ ಇತ್ತು. ಇನ್ನೊಂದು ಭಾನುವಾರ ಮಳೆ ಬಂತು, ನನಗೆ ಸೋಮಾರಿತನವೂ ಬಂತು.

ಮೂರನೆಯ ಭಾನುವಾರದ ಹೊತ್ತಿಗೆ ಅವಳು ಡೆಂಗ್ಯೂ ಬಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದಳು. ಆ ವಾರ್ಡಿಗೆ ಮಕ್ಕಳನ್ನು ಬಿಡುವುದಿಲ್ಲ. ಎರಡು ವರ್ಷ ಎಂಟು ತಿಂಗಳ ಕೂಸು ಅಮ್ಮನಿಲ್ಲದೆ ಒಂದು ರಾತ್ರಿಯೂ ಮಲಗಿದ್ದಿಲ್ಲ. ಮಿಯೆನ್‌ನ ಗಂಡ ತಿಯೆಪ್ ಮರಳು ತೆಗೆಯುವ ದೋಣಿಯಲ್ಲಿ ಕೆಲಸ ಮಾಡುವವನು. ಎರಡು ಒಳ್ಳೆಯ ಫೋನುಗಳನ್ನು ತ್ರಾ ಲಿ ನದಿಗೆ ಬೀಳಿಸಿ, ಈಗ ಬರೀ ಗುಂಡಿಗಳಿರುವ ಸಣ್ಣ ಫೋನ್ ಇಟ್ಟುಕೊಂಡಿದ್ದಾನೆ. ಅದಕ್ಕೆ ವಿಡಿಯೊ ಕಳಿಸುವಂತಿಲ್ಲ. ಹಾಗಾಗಿ ಮಿಯೆನ್ ಸಂಜೆ ಹಾಸಿಗೆಯಲ್ಲೇ ಒಂದು ವಿಡಿಯೊ ಮಾಡುವಳು, ತಿಯೆಪ್ ಅವಳ ಫೋನನ್ನೇ ಮನೆಗೆ ತಂದು ಮಗುವಿಗೆ ಕೇಳಿಸುವನು, ಬೆಳಿಗ್ಗೆ ಹೋಗಿ ವಾಪಸು ಕೊಡುವನು. ಐದು ದಿನ ಹೀಗೇ ನಡೆಯಿತು. ಆರನೆಯ ಬೆಳಿಗ್ಗೆ ಫೋನ್ ಕೊಡಲು ಹೋದಾಗ ಹಾಸಿಗೆ ಖಾಲಿಯಾಗಿತ್ತು.

ಆ ವಿಡಿಯೊಗಳಲ್ಲಿ ಅವಳದೊಂದು ಹಾಡು ಇತ್ತು. ಹಾಡು ಎಂದರೆ ಹಾಡೇನಲ್ಲ, ಅವಳೇ ಕಟ್ಟಿಕೊಂಡ ಮಾತು, ಮಗು ಹುಟ್ಟಿದಾಗಿನಿಂದ ಅದನ್ನೇ ಹೇಳಿ ಮಲಗಿಸುತ್ತಿದ್ದಳು. ಸೇತುವೆ ಮಲಗ್ತು, ದೋಣಿ ಮಲಗ್ತು, ಅಪ್ಪನ ಚಪ್ಪಲಿ ಮಲಗ್ತು ಎಂದು ಒಂದೊಂದನ್ನೇ ಮಲಗಿಸುತ್ತ ಹೋಗಿ, ಕೊನೆಗೆ ಬೋಂಗ್ ಮಲಗ್ತು. ಅವಳು ಸತ್ತ ಮೇಲೂ ಮಗು ದಿನಾ ಅದನ್ನು ಕೇಳಿಯೇ ಮಲಗುತ್ತಿತ್ತು. ಫೋನನ್ನು ಕಿವಿಯ ಅಡಿಗೆ ಇಟ್ಟುಕೊಂಡು, ಬಾಯಲ್ಲಿ ಬೆರಳು. ದೊಡ್ಡವರಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಆ ದನಿ ಶುರುವಾದರೆ ಲುವಾ ಅಕ್ಕ ಪಾತ್ರೆ ಬಾಚಿಕೊಂಡು ಹ್ಯಾಂಡ್ ಪಂಪಿನ ಹತ್ತಿರ ಹೋಗುವಳು, ತಿಯೆಪ್ ಗೇಟಿನ ಹೊರಗೆ ಸಿಗರೇಟು ಹಚ್ಚುವನು. "ದಿನಾ ಸಂಜೆ ಹೀಗೆ ಕೂಗ್ತಾ ಇದ್ರೆ ಅವಳು ಹೋಗೋದಾದ್ರೂ ಹೇಗೋ ಥೋ?" ಎಂದು ಅಕ್ಕ ನನ್ನನ್ನು ಕೇಳಿದ್ದುಂಟು.

ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ನಾನು ಕೇಬಲ್ ಹಿಡಿದು ಅವರ ಮನೆಗೆ ಹೋದೆ. ಹೋದರೆ ಕರೆಂಟಿಲ್ಲ. ಅಂಗಳದಲ್ಲಿ ನೆಂಟರು, ಒಲೆಯ ಮೇಲೆ ಅಂಟಕ್ಕಿ, ಒಳಗೆಲ್ಲ ಊದುಬತ್ತಿಯ ಹೊಗೆ. ಹಿರಿಯರ ಪೀಠದ ಮೇಲೆ ಮಿಯೆನ್‌ನ ಫೋಟೊ ಇತ್ತು. ಫ್ಯಾಕ್ಟರಿಯ ಗುರುತಿನ ಚೀಟಿಯಿಂದ ಅದನ್ನು ದೊಡ್ಡದು ಮಾಡಿಕೊಟ್ಟವನು ನಾನೇ. ಯಾಕೆಂದರೆ ಅವಳ ಫೋನಿನಲ್ಲಿ ಅವಳದೇ ಒಂದು ಸರಿಯಾದ ಫೋಟೊ ಸಿಕ್ಕಿರಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಇದ್ದವು, ಹೆಚ್ಚುಕಡಿಮೆ ಎಲ್ಲದರಲ್ಲೂ ಬೋಂಗ್. ಫೋಟೊ ತೆಗೆಯುವವಳು ಯಾವಾಗಲೂ ಈಚೆ ಕಡೆಯೇ ಇರುತ್ತಾಳಲ್ಲ. ಕೆಲವು ಚಿತ್ರಗಳ ಅಂಚಿನಲ್ಲಿ ಅವಳ ಹೆಬ್ಬೆರಳಿತ್ತು. ಅವಳು ಇದ್ದದ್ದು ವಿಡಿಯೊಗಳಲ್ಲಿ, ಅದೂ ಹೆಚ್ಚಾಗಿ ದನಿಯಾಗಿ.

ಕರೆಂಟು ಬಂದಾಗ ಹತ್ತೂಕಾಲು. ಶಾಸ್ತ್ರ ಮಾಡಿಸುವ ಗುರುಗಳು ಆಗಲೇ ಎರಡು ಸಲ ಗಡಿಯಾರ ನೋಡಿ, ಮಧ್ಯಾಹ್ನ ಹನ್ನೆರಡರೊಳಗೆ ಬೆಂಕಿ ಹಚ್ಚಬೇಕು, ಮೀರಿದರೆ ಕಳಿಸಿದ್ದು ತಲುಪುವುದಿಲ್ಲ ಎಂದು ಎಚ್ಚರಿಸಿದ್ದರು. ನಾನು ಕೇಬಲ್ ಹಾಕಿದೆ. ಮಗು ಹುಟ್ಟಿದ ದಿನಾಂಕವೇ ಫೋನಿನ ಬೀಗದ ಸಂಖ್ಯೆ, ತಿಯೆಪ್ ಒತ್ತಿಕೊಟ್ಟ. ಕಂಪ್ಯೂಟರ್ ಲೆಕ್ಕ ಹಾಕಿ ಮೂರು ಸಾವಿರದ ನಾನೂರ ಹನ್ನೆರಡು ಎಂದು ತೋರಿಸಿತು. ನಕಲು ಮಾಡು ಎಂದೆ. ಹಸಿರು ಪಟ್ಟಿ ನಿಧಾನಕ್ಕೆ ತೆವಳತೊಡಗಿತು.

ನಾನೂರರ ಹತ್ತಿರ ಬಂದಾಗ ಪರದೆಯ ನಡುವೆ ಒಂದು ಚೌಕ ಎದ್ದಿತು. ಈ ಫೈಲು ಬರುತ್ತಿಲ್ಲ, ಮತ್ತೆ ನೋಡಲೇ, ಬಿಟ್ಟು ಮುಂದೆ ಹೋಗಲೇ ಎಂದು ಕೇಳಿತು. ಮತ್ತೆ ನೋಡು ಎಂದೆ. ಮತ್ತದೇ. ಯಾವುದೋ ಒಂದು ಕೆಟ್ಟ ಫೋಟೊ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಗುರುಗಳು, "ಏನಯ್ಯಾ ಥೋ, ನಿನ್ನ ಯಂತ್ರ ಮುಗಿಸತ್ತೋ, ಇಲ್ಲಾ ಸತ್ತೋರು ಮುಂದಿನ ಜನ್ಮಾನೇ ಎತ್ತಿಬಿಡ್ತಾರೋ?" ಎಂದರು. ನೆಂಟರು ನಕ್ಕರು. ನನಗೆ ರೇಗಿತು. ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ, ಮುಂದೆ ಇಂಥದ್ದು ಬಂದರೂ ಹೀಗೇ ಮಾಡಲೇ ಎಂದಿತ್ತು. ಒಂದು ಟಿಕ್ ಹಾಕಿ, ಬಿಟ್ಟು ಮುಂದೆ ಹೋಗು ಎಂದು ಒತ್ತಿದೆ. ಆಮೇಲೆ ಅದು ನನ್ನನ್ನು ಏನೂ ಕೇಳಲಿಲ್ಲ.

ಹನ್ನೊಂದೂವರೆಗೆ ಪಟ್ಟಿ ತುಂಬಿತು. ನಾನು ಮೊದಲ ಫೋಟೊ ತೆರೆದು ನೋಡಿದೆ: ಹುಟ್ಟಿದ ದಿನದ ಬೋಂಗ್, ಹತ್ತಿಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖ. ಕೊನೆಯದನ್ನು ತೆರೆದೆ: ಆಸ್ಪತ್ರೆಯ ಗ್ಲೂಕೋಸ್ ಬಾಟಲಿ. ನಡುವೆ ಅಲ್ಲೊಂದು ಇಲ್ಲೊಂದು ನೋಡಿದೆ. ಎಲ್ಲ ಬಂದಿದೆ ಅನ್ನಿಸಿತು. ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ, ಎಣಿಸದೆ ಅಳಿಸಬೇಡಿ, ಎಣಿಸದೆ ಅಳಿಸಬೇಡಿ ಎಂದು ಗಿಣಿಪಾಠ ಹೇಳುವ ನಾನು ಅವತ್ತು ಎಣಿಸಲಿಲ್ಲ. ಎಣಿಸುವುದು ಎಂದರೂ ಬೆರಳು ಮಡಚಬೇಕಾಗಿರಲಿಲ್ಲ, ಪರದೆಯ ಮೂಲೆಯಲ್ಲಿ ಬರೆದಿರುತ್ತದೆ. ಕಣ್ಣು ಒಂದಿಷ್ಟು ಕೆಳಗೆ ಇಳಿಸಿದ್ದರೆ ಸಾಕಿತ್ತು.

"ಎಲ್ಲಾ ಬಂತಾ ಚಿಕ್ಕಪ್ಪ?" ತಿಯೆಪ್ ಕೇಳಿದ.

"ಬಂತು."

"ಎಲ್ಲಾನೂ?"

"ಏಯ್, ಹದಿನೆಂಟು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ. ನಂಗೇ ಪಾಠ ಹೇಳ್ತೀಯಾ? ಹೋಗು, ಬೆಂಕಿ ನೋಡು."

ಬ್ಯಾಟರಿ ಇರುವ ಫೋನನ್ನು ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ಆ ಎಚ್ಚರ ನನಗೆ ಚೆನ್ನಾಗಿಯೇ ಇತ್ತು. ಜಗಲಿಯಲ್ಲಿ ಕೂತು ಫೋನ್ ಬಿಚ್ಚಿ, ಬ್ಯಾಟರಿಯನ್ನು ಹುಷಾರಾಗಿ ಕಿತ್ತೆ. ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಅದನ್ನ ತೆಗೆದ್ರೆ ಅವಳು ಅಲ್ಲಿ ಹೇಗೋ ಆನ್ ಮಾಡ್ತಾಳೆ?"

ಇದಕ್ಕೆ ನಗುವುದೋ ಅಳುವುದೋ. ಊದುಬತ್ತಿಯ ಡಬ್ಬಿಯ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ಮೇಲೆ ಪೆನ್ನಿನಿಂದ ಬ್ಯಾಟರಿ ಎಂದು ಬರೆದು, ಪೂರ್ತಿ ಚಾರ್ಜು ಎಂದೂ ಸೇರಿಸಿ ಒಳಗಿಟ್ಟು ಮುಚ್ಚಿದೆ. "ಅವತ್ತು ಸುಟ್ವಲ್ಲ, ಆ ಕಾಗದದ ಚಾರ್ಜರ್ ಇದಕ್ಕಾಗತ್ತಾ?" ಎಂದಳು. "ಆಗತ್ತಕ್ಕ, ಎಲ್ಲಾ ಒಂದೇ ತೂತು" ಎಂದೆ. ಅವಳಿಗೆ ಸಮಾಧಾನವಾಯಿತು.

ಅಂಗಳದ ತಗಡಿನ ಡ್ರಮ್ಮಿನಲ್ಲಿ ಬೆಂಕಿ ಹಚ್ಚಿದರು. ಮಿಯೆನ್‌ನ ಬಟ್ಟೆಗಳು, ಕಾಗದದ ಹಣ, ಕಾಗದದ ಕೊಡೆ. ಕೊನೆಗೆ ತಿಯೆಪ್ ಎರಡು ಕೈಯಲ್ಲೂ ಹಿಡಿದು ಫೋನನ್ನು ಹಾಕಿದ. ಅಜ್ಜಿಯ ಸೊಂಟದ ಮೇಲಿದ್ದ ಬೋಂಗ್ ಅದನ್ನು ಕಂಡು, "ಅಮ್ಮನ್ ಫೋನು! ಅಮ್ಮನ್ ಫೋನು!" ಎಂದು ಚೀರತೊಡಗಿತು. ಅಕ್ಕ, "ಅಮ್ಮಂಗೇ ಕೊಡ್ತಿರೋದು ಕಣೇ" ಎಂದರೂ ಕೇಳಲಿಲ್ಲ. ಆಗ ನಾನು ಹತ್ತಿರ ಹೋಗಿ ಹೇಳಿದೆ.

"ಅಳ್ಬೇಡ ಪುಟ್ಟಿ. ಅಮ್ಮ ಈಗ ಕಂಪ್ಯೂಟರಲ್ಲಿದಾಳೆ. ಸಂಜೆ ಮಾತಾಡ್ತಾಳೆ."

"ಮಾತಾಡ್ತಾಳಾ?"

"ಹೂಂ. ತಾತನ ಮಾತು ಸುಳ್ಳಾಗತ್ತಾ?"

ಮಗು ಅಳು ನಿಲ್ಲಿಸಿತು. ಊಟಕ್ಕೆ ಮೊದಲೇ ತಿಯೆಪ್ ಬೂದಿಯನ್ನೂ ಸುಟ್ಟು ಕರಗಿದ ಫೋನನ್ನೂ ತೆಗೆದುಕೊಂಡು ಹೋಗಿ ನದಿಗೆ ಬಿಟ್ಟು ಬಂದ. ನಾನು ಎರಡು ಲೋಟ ಅಕ್ಕಿ ಹೆಂಡ ಕುಡಿದು, ಒಳ್ಳೆಯ ಕೆಲಸ ಮಾಡಿದೆನೆಂದು ಮನೆಗೆ ಹೋಗಿ ಮಲಗಿದೆ.

ಸಂಜೆ ಏಳೂವರೆಗೆ ಬಾಗಿಲಲ್ಲಿ ತಿಯೆಪ್ ನಿಂತಿದ್ದ. "ಚಿಕ್ಕಪ್ಪ, ವಿಡಿಯೊಗಳನ್ನ ಎಲ್ಲಿಟ್ಟಿದೀರ? ಬೋಂಗ್ ಮಲಗ್ತಾ ಇಲ್ಲ."

"ಅಲ್ಲೇ ಇರತ್ತೆ ಕಣೋ, ಕೆಳಗೆ ನೋಡು."

"ನೋಡ್ದೆ. ಬರೀ ಫೋಟೊ ಇದೆ."

ಅವನ ಹಿಂದೆಯೇ ಹೋದೆ. ಮಗು ಕಂಪ್ಯೂಟರಿನ ಮುಂದೆ ಅಜ್ಜಿಯ ತೊಡೆಯ ಮೇಲೆ ಕೂತು ಪರದೆಗೆ ಕಿವಿ ಹಚ್ಚಿಕೊಂಡಿತ್ತು. ಪರದೆಯ ಮೇಲೆ ಅದರದೇ ಫೋಟೊ. ನಾನು ಮೂಲೆಯ ಸಂಖ್ಯೆ ನೋಡಿದೆ. ಮೂರು ಸಾವಿರದ ಮುನ್ನೂರ ಐವತ್ತೊಂದು. ಅರವತ್ತೊಂದು ಕಡಿಮೆ. ಫೋನಿನಿಂದ ವಿಡಿಯೊ ಬರುವಾಗ ಕೆಲವು ಸಲ ಹೀಗೆ ಮುನಿಸಿಕೊಳ್ಳುವುದುಂಟು. ಫೋನಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸರಾಗವಾಗಿ ಇಳಿಯುತ್ತವೆ; ಎರಡು ನಿಮಿಷದ ಕೆಲಸ, ಎಷ್ಟು ಜನರಿಗೆ ನಾನೇ ಮಾಡಿಕೊಟ್ಟಿಲ್ಲ? ಮೊದಲ ವಿಡಿಯೊ ಬಂದಾಗ ಯಂತ್ರ ನನ್ನನ್ನು ಕೇಳಿತ್ತು. ಬಿಟ್ಟು ಮುಂದೆ ಹೋಗು ಎಂದವನು ನಾನು. ಎಲ್ಲದಕ್ಕೂ ಹಾಗೇ ಮಾಡು ಎಂದವನೂ ನಾನೇ. ಅದು ಅರವತ್ತೊಂದು ಸಲವೂ ನನ್ನ ಮಾತನ್ನು ಪಾಲಿಸಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಬುದ್ಧಿ ಬರುವಷ್ಟರಲ್ಲಿ ಬೂದಿ ಕೂಡ ಉಳಿದಿರಲಿಲ್ಲ.

ಆದರೂ ಒಂದು ಗಂಟೆ ಹುಡುಕಿದೆ. ಇಲ್ಲವೆಂದು ಗೊತ್ತಿದ್ದೂ ಹುಡುಕಿದೆ, ಬಾಯಿ ಬಿಡುವ ಹೊತ್ತನ್ನು ಮುಂದೂಡಲು. ಮಗು ಅತ್ತೂ ಅತ್ತೂ ಅಜ್ಜಿಯ ಹೆಗಲ ಮೇಲೆ ಸುಸ್ತಾಗಿ ಬಿತ್ತು. ಆಮೇಲೆ ಹೇಳಿದೆ.

ತಿಯೆಪ್ ಅಕ್ಕಿ ಡ್ರಮ್ಮಿನ ಓರೆಯಾಗಿದ್ದ ಮುಚ್ಚಳವನ್ನು ಸರಿಯಾಗಿ ಮುಚ್ಚಿದ. ಆಮೇಲೆ ಮೆಲ್ಲಗೆ, "ನಾನು ಕೇಳ್ದೆ ಚಿಕ್ಕಪ್ಪ. ಎರಡು ಸಲ ಕೇಳ್ದೆ" ಎಂದು ಹೊರಗೆ ಹೋದ. ಅವನು ನನ್ನ ಕೆನ್ನೆಗೆ ಬಾರಿಸಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಲುವಾ ಅಕ್ಕನೂ ಬೈಯಲಿಲ್ಲ. ಸಂತೆಯಲ್ಲಿ ಒಂದು ಸೊಪ್ಪಿನ ಕಟ್ಟಿಗೆ ಅರ್ಧ ಗಂಟೆ ಜಗಳವಾಡುವ ಹೆಂಗಸು ಅವಳು. ಮಗುವಿನ ಬೆನ್ನು ಸವರುತ್ತ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು.

"ಅವಳು ಕೇಳಿದ್ದು ಮಗು ಮುಖ. ಮಗೂಗೆ ಬೇಕಾಗಿದ್ದು ಅವಳ ದನಿ. ಮುಖ ಇಬ್ರಿಗೂ ಸಿಕ್ತು. ದನೀನ ಪೂರ್ತಿ ಅವಳಿಗೇ ಕಳಿಸ್ಬಿಟ್ವಲ್ಲೋ. ತನ್ ದನಿ ಇಟ್ಕೊಂಡು ಅವಳೇನ್ ಮಾಡ್ತಾಳೆ ಅಲ್ಲಿ?"

ಮರುದಿನದಿಂದ ನಾನು ಅಂಗಡಿ ಮುಚ್ಚಿ ಅಲೆದೆ. ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಅವಳ ಜೊತೆ ಕಾಲರ್ ಹೊಲಿಯುತ್ತಿದ್ದ ಹುಡುಗಿಯರನ್ನು ಕೇಳಿದೆ. ಅವರ ಫೋನುಗಳಲ್ಲಿ ಫೋಟೊಗಳಿದ್ದವು, ಊಟದ ಹೊತ್ತಿನ ನಗುವಿತ್ತು, ಅವಳು ಮಾತಾಡಿದ್ದು ಒಂದೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸಿನ ಊರು ವಿಚಾರಿಸಿಕೊಂಡು ಮೂವತ್ತು ಕಿಲೋಮೀಟರ್ ಬೈಕಿನಲ್ಲಿ ಹೋದೆ. ಆಕೆ ಬಾತುಕೋಳಿಗೆ ಹೊಟ್ಟು ಹಾಕುತ್ತಿದ್ದಳು. ವಿಷಯ ಕೇಳಿ ಕೈ ಒರೆಸಿಕೊಂಡು ಕೂತಳು.

"ನೆನಪಿದೆ ಕಣಣ್ಣ. ಐದು ಸಂಜೇನೂ ಕೇಳಿದೀನಲ್ಲ. ಸೇತುವೆ, ದೋಣಿ, ಯಾರದೋ ಚಪ್ಪಲಿ. ಆಮೇಲೆ ಅನ್ನದ ಪಾತ್ರೆ. ಪಾತ್ರೆ ಆದ್ಮೇಲೆ ಇನ್ನೊಂದಿತ್ತು. ಅದನ್ನ ಹೇಳೋವಾಗ ಮಾತ್ರ ಅವಳಿಗೆ ನಗು ಬರೋದು. ಜ್ವರದಲ್ಲೂ ನಗೋಳು, ನಕ್ಕು ನಕ್ಕು ಕೆಮ್ಮು ಬಂದ್ಬಿಡೋದು. ಅದೇನು ಅಂತೀರಾ? ಅಯ್ಯೋ, ಬಾಯಿ ತುದೀಲಿದೆ, ಬರ್ತಾ ಇಲ್ವಲ್ಲ."

ಆಕೆ ಕಣ್ಣು ಮುಚ್ಚಿ ಬಹಳ ಪ್ರಯತ್ನಪಟ್ಟಳು. ಬರಲಿಲ್ಲ. ನೆನಪಾದರೆ ಫೋನ್ ಮಾಡಿ ಎಂದು ನಂಬರ್ ಬರೆದುಕೊಟ್ಟು ಬಂದೆ. ಆಕೆ ಇವತ್ತಿನವರೆಗೂ ಮಾಡಿಲ್ಲ.

ತಿಯೆಪ್‌ನಿಗೂ ಪಾತ್ರೆಯ ತನಕ ಗೊತ್ತಿತ್ತು. ಮುಂದಿನದನ್ನು ಮಿಯೆನ್ ಮನೆಯಲ್ಲಿ ಮಗುವಿನ ಕಿವಿಯಲ್ಲಷ್ಟೇ ಹೇಳುತ್ತಿದ್ದಳಂತೆ, ವಿಡಿಯೊದಲ್ಲಿ ಅದು ಬರುವಷ್ಟರಲ್ಲಿ ಅವನು ಗೇಟಿನ ಹೊರಗೆ ಹೋಗಿರುತ್ತಿದ್ದ. ಅಕ್ಕನಿಗೆ ಪಂಪಿನ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. ಕೇಳಿಸಬಾರದೆಂದೇ ಅವಳು ಪಂಪು ಹೊಡೆಯುತ್ತಿದ್ದದ್ದು. ಪೂರ್ತಿ ಹಾಡು ಗೊತ್ತಿದ್ದ ಜೀವ ಒಂದೇ, ಅದಕ್ಕೆ ಇನ್ನೂ ಮೂರು ತುಂಬಿರಲಿಲ್ಲ.

ಸಂಜೆ ಅಕ್ಕನೇ ಹೇಳಿ ಮಲಗಿಸಲು ನೋಡಿದಳು. ಮೊದಲ ದಿನಗಳಲ್ಲಿ ಮಗು ಸುಲಭಕ್ಕೆ ಒಪ್ಪಲಿಲ್ಲ. "ಹಂಗಲ್ಲ, ಅಜ್ಜಿ! ದೋಣಿ ಆಮೇಲೆ! ಅಮ್ಮ ಹಂಗೆ ಹೇಳಲ್ಲ!" ಎಂದು ಅಜ್ಜಿಯ ಬಾಯಿಗೆ ಕೈ ಅಡ್ಡ ಹಿಡಿಯುತ್ತಿತ್ತು. ಪ್ರತಿ ತಪ್ಪಿಗೂ ಒಂದು ರಂಪ. ನಾನು ಏನಾದರೂ ನೆವ ಮಾಡಿಕೊಂಡು ಆ ಹೊತ್ತಿಗೆ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ, ಮಗು ಆ ಒಂದು ಹೆಸರು ಹೇಳಿಬಿಡುತ್ತದೇನೋ ಎಂದು. ಹೇಳಿದರೆ ಬರೆದುಕೊಳ್ಳಲು ಜೇಬಿನಲ್ಲಿ ಪೆನ್ನು.

"ಅನ್ನದ ಪಾತ್ರೆ ಮಲಗ್ತು. ಆಮೇಲೆ ಏನೇ ಪುಟ್ಟಿ ಮಲಗಿದ್ದು?" ಅಕ್ಕ ಕೇಳುವಳು.

ಮಗು ಹೇಳುತ್ತಿರಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಿಲಕಿಲ ನಗುತ್ತಿತ್ತು. ಹೇಳೇ, ಏನು ಅಂತ ಹೇಳೇ ಎಂದು ಗಲ್ಲ ಹಿಡಿದು ಕೇಳಿದರೆ ಇನ್ನಷ್ಟು ನಗು. ಹೆಸರು ಅದರ ನಾಲಿಗೆಯಲ್ಲಿತ್ತೋ ಇಲ್ಲವೋ, ನಗು ಮಾತ್ರ ಇತ್ತು. ಒಂದೊಂದು ಸಲ ನಗುತ್ತ ನಗುತ್ತ ಬೇಕೆಂದೇ ಒಂಚೂರು ಕೆಮ್ಮುತ್ತಿತ್ತು. ಅಕ್ಕ ಕೇಳುವುದನ್ನು ಬಿಟ್ಟಳು. ಪಾತ್ರೆ ಮಲಗಿದ ಮೇಲೆ ಸುಮ್ಮನೆ ನಿಲ್ಲಿಸುವಳು, ಮಗು ನಕ್ಕು ಮುಗಿಸುವುದು, ಆಮೇಲೆ ಬೋಂಗ್ ಮಲಗ್ತು. ಹಾಡಿನ ನಡುವಿನ ಆ ತೂತಿನಲ್ಲಿ ಮಿಯೆನ್ ಇನ್ನೂ ಇದ್ದಾಳೆಂದು ನನಗೆ ಅನ್ನಿಸುತ್ತಿತ್ತು. ತಿಯೆಪ್ ಕೂಡ ಈಗ ಗೇಟಿನ ಹೊರಗೆ ಹೋಗುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಆ ನಗು ಬರುವ ತನಕ ಕಾಯುತ್ತಿದ್ದ.

ನೂರನೆಯ ದಿನದ ಶಾಸ್ತ್ರ ಬಂತು. ಅದು ಅಳು ನಿಲ್ಲಿಸುವ ದಿನ. ಅಲ್ಲಿಂದಾಚೆಗೆ ದನಿ ತೆಗೆದು ಅಳಬಾರದು. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊಟ, ನೆಂಟರೆಲ್ಲ ಹೊರಟರು. ಸಂಜೆ ನಾನು ಪಾತ್ರೆ ಎತ್ತಿಡಲು ನಿಂತಿದ್ದೆ. ಅಕ್ಕ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಶುರು ಮಾಡಿದಳು.

"ದೋಣಿ ಮಲಗ್ತು. ಸೇತುವೆ ಮಲಗ್ತು."

ಬೇಕೆಂದು ತಪ್ಪು ಹೇಳಿದ್ದಲ್ಲ, ದಣಿದಿದ್ದಳು. ನಾನು ರಂಪಕ್ಕಾಗಿ ಕಾದೆ. ಮಗು ತಿದ್ದಲಿಲ್ಲ. ಬೆರಳು ಚೀಪುತ್ತ ಸೂರು ನೋಡುತ್ತಿತ್ತು.

"ಅಪ್ಪನ್ ಚಪ್ಪಲಿ ಮಲಗ್ತು. ಅನ್ನದ ಪಾತ್ರೆ ಮಲಗ್ತು."

ಅಕ್ಕ ನಿಲ್ಲಿಸಿದಳು. ಬಾಗಿಲಲ್ಲಿ ತಿಯೆಪ್ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತ. ಮಗು ನಗಲಿಲ್ಲ. ಅದೂ ನಮ್ಮ ಹಾಗೆಯೇ ಕಾಯುತ್ತಿತ್ತು. ಆಮೇಲೆ ಬಾಯಿಂದ ಬೆರಳು ತೆಗೆದು ಅಜ್ಜಿಯ ಕಡೆ ತಿರುಗಿತು.

"ಆಮೇಲೆ, ಅಜ್ಜಿ?"

ಅಕ್ಕ ಮಗನ ಮುಖ ನೋಡಿದಳು. ನನ್ನ ಮುಖ ನೋಡಿದಳು.

"ಬೆಕ್ಕು ಮಲಗ್ತು" ಎಂದಳು.

ಆ ಮನೆಯಲ್ಲಿ ಯಾವತ್ತೂ ಬೆಕ್ಕು ಸಾಕಿದ್ದಿಲ್ಲ. ಬೋಂಗ್ "ಹೂಂ" ಎಂದು ಕಣ್ಣು ಮುಚ್ಚಿತು.